ಗಿರಣಿ ಜಂಪಣ್ಣನ ಕಾಲಿಂಗ್ ಬೆಲ್ಲು

ಚಿಕ್ಕಜಾಜೂರಿನಲ್ಲಿ ಸದ್ದಿಗೇನೂ ಬರವಿಲ್ಲ. ರೈಲ್ವೆ ಜಂಕ್ಷನ್ ಇರುವ ಊರು. ಮೂರು ದಿಕ್ಕಿನಿಂದ ಗಾಡಿಗಳು ಬಂದು ಸೀಟಿ ಹೊಡೆಯುತ್ತವೆ. ಅದಿರು ತುಂಬಿದ ಗೂಡ್ಸ್ ಹೋದರೆ ಅಡುಗೆಮನೆಯ ತಟ್ಟೆಗಳು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತವೆ. ಇಂಥ ಊರಿನಲ್ಲಿ ಶ್ರುತಿ ಯಾವುದು, ಲಯ ಯಾವುದು ಎಂದು ಬಲ್ಲವನು ನಾನೊಬ್ಬನೇ. ಇದು ಜಂಬವಲ್ಲ. ಸುತ್ತಲಿನ ಹಳ್ಳಿಗಳ ನಾಟಕಗಳಿಗೆಲ್ಲ ಹಾರ್ಮೋನಿಯಂ ಬಾರಿಸಿ, ರಾಜನ ಪಾರ್ಟಿನವರನ್ನು ಎಳೆದು ತಂದು ಶ್ರುತಿಗೆ ಕೂರಿಸಿ ಕೂರಿಸಿ ನನ್ನ ತಲೆ ನರೆತಿದೆ. ಆದ್ದರಿಂದ ಗಿರಣಿ ಜಂಪಣ್ಣನ ಮನೆಯ ಕಾಲಿಂಗ್ ಬೆಲ್ಲಿನ ವಿಚಾರದಲ್ಲಿ ಊರವರು ಏನೇ ಹೇಳಲಿ, ನೀವು ನನ್ನ ಮಾತನ್ನೇ ನಂಬಬೇಕು.

ಜಂಪಣ್ಣ ಸ್ಟೇಷನ್ ಹಿಂದಿನ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ಒಳ್ಳೆಯ ಮನುಷ್ಯ. ಜೋಳ ತಂದವರಿಗೆ ರಾಗಿ ಹಿಟ್ಟು ಕೊಟ್ಟು ಕಳಿಸುತ್ತಾನೆ, ಆದರೆ ನಗುನಗುತ್ತ ಕೊಡುತ್ತಾನೆ. ಗಿರಣಿಯ ಸದ್ದಿನಲ್ಲಿ ನಿಂತೂ ನಿಂತೂ ಕಿವಿ ಮಂದವಾಗಿದೆ. ಅವನಿಗೆ ಜೀವನದಲ್ಲಿ ಉಳಿದಿದ್ದದ್ದು ಒಂದೇ ಆಸೆ. ಬಾಗೂರಿನಲ್ಲಿರುವ ಅಕ್ಕ ತಿಪ್ಪಮ್ಮ ತನ್ನ ಹೊಸ ಮನೆಯ ಹೊಸಿಲು ತುಳಿಯಬೇಕು.

ತಾಯಿ ಸತ್ತಾಗ ಜಂಪಣ್ಣ ಇನ್ನೂ ಅಂಬೆಗಾಲಿಡುತ್ತಿದ್ದ. ಅಕ್ಕನೇ ಸೊಂಟದ ಮೇಲೆ ಹೊತ್ತು ಸಾಕಿದಳು. ಅಂಥ ಅಕ್ಕನ ಮಗಳು ಮಾನಸಳ ಮದುವೆ ಹೊಸದುರ್ಗದಲ್ಲಿ ನಡೆಯಿತು. ಹುಡುಗಿಯನ್ನು ಹಸೆಗೆ ಕರೆತರಬೇಕಾದವನು ಸೋದರಮಾವ. ಜಂಪಣ್ಣ ಹೊಸ ಪಂಚೆ ಉಟ್ಟು, ಬಾಸಿಂಗದ ಡಬ್ಬಿ ಎದೆಗವಚಿಕೊಂಡು ಸ್ಟೇಷನ್ನಿಗೆ ಹೋದ. ಜಂಕ್ಷನ್ನಿನಲ್ಲಿ ಹುಟ್ಟಿ ಬೆಳೆದವನು, ಯಾವ ಗಾಡಿ ಯಾವ ಕಡೆಗೆಂದು ಪರಸ್ಥಳದವರಿಗೆ ದಿನವೂ ಹೇಳುವವನು, ಎದುರು ಪ್ಲಾಟ್‌ಫಾರಂನ ಗಾಡಿ ಹತ್ತಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದ. ಎಚ್ಚರವಾದಾಗ ಚಿತ್ರದುರ್ಗವೂ ದಾಟಿತ್ತು, ಮೊಳಕಾಲ್ಮೂರೂ ದಾಟಿತ್ತು. ರಾಯದುರ್ಗದ ಸ್ಟೇಷನ್ನಿನಲ್ಲಿ ತೆಲುಗಿನಲ್ಲಿ ಇಡ್ಲಿ ಮಾರುತ್ತಿದ್ದರು. ಅತ್ತ ಸೋದರಮಾವನಿಲ್ಲದೆ ಧಾರೆ ಮುಗಿದುಹೋಯಿತು.

ಮಾರನೆಯ ದಿನ ಅದೇ ಡಬ್ಬಿ ಹಿಡಿದು ಹೋದ ತಮ್ಮನಿಗೆ ತಿಪ್ಪಮ್ಮ ಜಗಲಿಯ ಮೇಲೆ ನಿಂತು ಒಂದೇ ಮಾತು ಹೇಳಿದಳು. “ಇನ್ನ ನಿನ್ನ ಮನೆ ಹೊಸ್ಲು ತುಳಿಯಾದು ನಿನ್ನ ಹೆಣ ನೋಡಾಕೇ. ಅಲ್ಲೀತನಕ ಬರಲ್ಲ.”

ಆಡಿದ ಮಾತು ಬಿಡುವ ಹೆಂಗಸಲ್ಲ ಅವಳು. ಗೃಹಪ್ರವೇಶಕ್ಕೂ ಬರಲಿಲ್ಲ. ಜಂಪಣ್ಣ ಕೈ ಕಟ್ಟಿ ಕೂರಲಿಲ್ಲ. ನೆಲಕ್ಕೆ ಗ್ರಾನೈಟ್ ಹಾಕಿಸಿದ. ಗೇಟಿಗೆ ಎರಡು ಸಿಂಹ ಕೂರಿಸಿದ. ಒಂದು ಸಿಂಹ, ಇನ್ನೊಂದು ಅದರ ದೂರದ ಸಂಬಂಧಿ. ಸುದ್ದಿ ಹೇಗಾದರೂ ಬಾಗೂರಿಗೆ ಮುಟ್ಟಿ, ಒಂದು ಸಲ ನೋಡಿಬರಾಣ ಎಂದು ಅಕ್ಕನಿಗೆ ಅನ್ನಿಸಲಿ ಎಂಬುದೇ ಎಲ್ಲದರ ಉದ್ದೇಶ. ಸುದ್ದಿ ಮುಟ್ಟುತ್ತಿತ್ತು. ಅಕ್ಕ ಬರುತ್ತಿರಲಿಲ್ಲ.

ಹೀಗಿರುವಾಗ ಅವನು ಹಲ್ಲು ಕೀಳಿಸಲು ದಾವಣಗೆರೆಗೆ ಹೋದ. ಅಲ್ಲಿ ಕಾಯುವ ಕೋಣೆಯಲ್ಲಿ ಮೆಲ್ಲಗೆ ಪಿಟೀಲು ಕೇಳಿಸುತ್ತಿತ್ತಂತೆ. ಬಂದವನೇ ಉಬ್ಬಿದ ಕೆನ್ನೆ ಹಿಡಿದುಕೊಂಡು ನನಗೆ ಹೇಳಿದ, “ಎಂಥಾ ಮ್ಯೂಸಿಕ್ ಅಂತೀರಿ ಮೇಷ್ಟ್ರೇ! ಒಬ್ರೂ ಪಿಟಕ್ ಅನ್ಲಿಲ್ಲ. ಎಲ್ಲಾರೂ ಮರ್ಯಾದೆಯಿಂದ ಬಾಯಿ ಮುಚ್ಕಂಡು ಕುಂತಿದ್ರು.” ಹಲ್ಲಿನ ಡಾಕ್ಟರ ಬಾಗಿಲಲ್ಲಿ ಜನ ಬಾಯಿ ಮುಚ್ಚಿಕೊಳ್ಳುವುದಕ್ಕೆ ಸಂಗೀತವೇ ಕಾರಣವೆಂದು ತಿಳಿದವನೊಡನೆ ವಾದ ಮಾಡುವುದು ಹೇಗೆ?

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ದುರ್ಗೇಶ್ ಎಂಬವನ ಕರೆಂಟ್ ಸಾಮಾನಿನ ಅಂಗಡಿ ಇದೆ. ಅಂಥದೇ ಮ್ಯೂಸಿಕ್ ಇರುವ ಕಾಲಿಂಗ್ ಬೆಲ್ಲು ಬೇಕೆಂದು ಜಂಪಣ್ಣ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದ.

“ಹಕ್ಕಿ ಕೂಗಾದು ಐತೆ, ಮಗು ನಗಾದು ಐತೆ, ಓಂ ಐತೆ. ಯಾವ್ದು ಕೊಡ್ಲಣ್ಣ?” ಎಂದ ದುರ್ಗೇಶ್.

“ಅವೆಲ್ಲ ಎಲ್ಲಾರ ಮನೇಲೂ ಅವೆ. ಯಾರ ಮನೇಲೂ ಇಲ್ದಿರಾದು ಕೊಡಪ್ಪ. ಬಾಗೂರಿನ್ತನಕ ಹೆಸ್ರಾಗಬೇಕು.”

ದುರ್ಗೇಶ್ ಏಣಿ ಹತ್ತಿ, ಮೂಲೆಯಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿದ. ಬ್ಯಾಟರಿ ಮೇಲೆ ನಡೆಯುವ ಬೆಲ್ಲು. ಮೇಲೆ ಪಿಟೀಲುಗಳ ಚಿತ್ರ. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಅಡಾಜಿಯೋ, ಡಿ ಮೈನರ್ ಎಂದು ಬರೆದಿತ್ತು.

“ಅಂದ್ರೆ ಏನ್ಲೇ ದುರ್ಗೇಶಿ?”

“ಫಾರಿನ್ದು ಅಂತ ಅರ್ಥ ಅಣ್ಣ.”

ಜಂಪಣ್ಣ ಅದನ್ನೇ ಕೊಂಡ. ಆ ಸಂಜೆ ಗೋಡೆಗೆ ಬಿಗಿದು, ಮೊದಲು ಒತ್ತುವ ಮರ್ಯಾದೆಯನ್ನು ಸಂಗೀತ ಬಲ್ಲವನೆಂದು ನನಗೇ ಕೊಟ್ಟ. ಒತ್ತಿದೆ.

ಮೊದಲು ಏನೂ ಕೇಳಲಿಲ್ಲ. ಆಮೇಲೆ ದೊಡ್ಡ ದೊಡ್ಡ ಪಿಟೀಲುಗಳು ಕೆಳಗಿನ ಸ್ಥಾಯಿಯಲ್ಲಿ ಶುರುವಾದವು. ಬೀಗ ಹಾಕಿದ ಪಕ್ಕದ ಮನೆಯಲ್ಲಿ ಯಾರೋ ಮರದ ಪೆಟ್ಟಿಗೆಯನ್ನು ನಿಧಾನವಾಗಿ ಎಳೆಯುತ್ತಿದ್ದ ಹಾಗೆ. ಅದರ ಮೇಲೆ ಸಣ್ಣ ಪಿಟೀಲುಗಳು ಬಂದು ಒಂದೇ ಸ್ವರವನ್ನು ಹಿಡಿದು, ಬಿಡಲೊಲ್ಲದೆ ನಿಂತವು. ಡಿ ಎಂದರೆ ನಮ್ಮ ಹಾರ್ಮೋನಿಯಂನ ಬಿಳಿ ಎರಡು. ಗಾಂಧಾರ ಕೋಮಲ, ಧೈವತ ಕೋಮಲ. ಲಯ ಅತಿ ವಿಳಂಬ, ಅಡಾಜಿಯೋ ಎಂದರೆ ಅದೇ ಇರಬೇಕು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಮನುಷ್ಯ ತನ್ನ ಪಾಪಗಳನ್ನೆಲ್ಲ ನೆನೆದುಕೊಳ್ಳಬಹುದು. ಅದು ಮೇಲೇರಿ, ಬಳಲಿ, ಇಳಿದು, ಇನ್ನೇನು ಷಡ್ಜಕ್ಕೆ ಬಂದು ಮುಗಿಯಬೇಕು ಅನ್ನುವಾಗ ಪಂಚಮದಲ್ಲೇ ನಿಂತುಬಿಟ್ಟಿತು. ಬಾಗಿಲಲ್ಲಿ ನಿಂತವರು ಮುಂದಿನ ಸ್ವರಕ್ಕೆ ಉಸಿರು ಹಿಡಿದು ಕಾಯಬೇಕು. ಅದು ಬರುವುದೇ ಇಲ್ಲ. ನಮ್ಮ ನಾಟಕಗಳಲ್ಲಿ ಇಂಥದನ್ನು ನಾನು ಬಾರಿಸುವುದು ಒಂದೇ ಕಡೆ, ಸ್ಮಶಾನದ ಸೀನಿಗೆ ಪರದೆ ಏಳುವಾಗ.

ಜಂಪಣ್ಣನ ಹೆಂಡತಿ ಈರಕ್ಕ ಸೆರಗು ಹೊದ್ದು ಹೊರಗೆ ಬಂದಳು. “ಯಾಕೋ ಮೈಯೆಲ್ಲ ಜುಮ್ಮಂತು ಮೇಷ್ಟ್ರೇ. ಯಾರು ಹೋದ್ರು?”

“ಯಾರೂ ಹೋಗಿಲ್ಲ ಕಣೇ, ಬಂದ್ರೆ ಹಿಂಗೆ ಹೊಡ್ಕಂತೈತೆ!” ಎಂದ ಜಂಪಣ್ಣ. ಅವನ ಮಂದ ಕಿವಿಗೆ ಅದು ಬರೀ ಮೆತ್ತಗೆ ಕೇಳಿಸಿತ್ತು. ಮೆತ್ತಗಿದ್ದದ್ದೆಲ್ಲ ದೊಡ್ಡಮನುಷ್ಯರದು ಎಂದು ಅವನ ಲೆಕ್ಕ.

ಮೊದಲು ಸಿಕ್ಕಿಬಿದ್ದವನು ಕರೆಂಟ್ ಮೀಟರ್ ಓದುವ ಮುರುಗೇಶ್. ಯಾರ ಮನೆಗೆ ಹೋದರೂ ಗೇಟು ಒದ್ದೇ ಒಳಗೆ ಬರುವವನು. ಅವತ್ತು ಬೆಲ್ ಒತ್ತಿದ. ಪಿಟೀಲು ಶುರುವಾಯಿತು. ನಾನು ನಮ್ಮ ಕಟ್ಟೆಯಿಂದ ನೋಡುತ್ತಿದ್ದೆ. ಮುರುಗೇಶ್ ಮೊದಲು ಟೋಪಿ ತೆಗೆದ. ಆಮೇಲೆ ಚಪ್ಪಲಿ ಬಿಟ್ಟ. ಕೈ ಕಟ್ಟಿ, ತಲೆ ತಗ್ಗಿಸಿ ನಿಂತ. ಜಂಪಣ್ಣ ಬಾಗಿಲು ತೆರೆದು, “ಬರ್ರಿ ಮುರುಗೇಶಪ್ಪ, ಕುಂತ್ಕಳ್ರಿ, ಕಾಫಿ ಕುಡೀರಿ” ಎಂದು ಗದ್ದಲ ಮಾಡಿದ.

“ಬ್ಯಾಡ್ರಿ, ಇಂಥ ಹೊತ್ನಾಗೆ ಕಾಫಿ ಗೀಫಿ ಬ್ಯಾಡ,” ಎಂದು ಪಿಸುಗುಟ್ಟಿದ ಮುರುಗೇಶ್. “ನೀವು ಧೈರ್ಯ ತಗಳ್ರಿ. ಎಲ್ಲಾರಿಗೂ ಒಂದಿನ ಇದ್ದಿದ್ದೇ.” ಮೀಟರ್ ಓದದೆ, ‘ಬರ್ತೀನಿ’ ಎಂದೂ ಅನ್ನದೆ ಬೀದಿಗಿಳಿದ. ಮೂಲೆಯ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಹೊರಟುಹೋದ.

ನಮ್ಮ ಸೀಮೆಯಲ್ಲಿ ಯಾರ ಮನೆಯಿಂದ ಹೊರಟರೂ ‘ಬರ್ತೀನಿ’ ಎನ್ನಬೇಕು. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ಹಾಗೆ ಅನ್ನಬಾರದು. ಮತ್ತೆ ಬರುವಂಥ ಸಂದರ್ಭ ಅಲ್ಲಿಗೆ ಬರದಿರಲಿ ಎಂದು ಸುಮ್ಮನೆ ಎದ್ದು ಹೋಗಿ, ಕಾಲು ತೊಳೆದುಕೊಂಡೇ ತಮ್ಮ ಮನೆ ಸೇರುತ್ತಾರೆ. ಮುರುಗೇಶನ ಹಿಂದೆಯೇ ಹಾಲಿನವಳು ಹಾಗೆ ಹೋದಳು. ಗ್ಯಾಸಿನವನು ಸಿಲಿಂಡರನ್ನು ಮಗುವನ್ನು ಮಲಗಿಸುವ ಹಾಗೆ ಇಳಿಸಿ ಹೋದ. ಅವರ ಬಾಯಿ ಏನನ್ನೂ ಕೇಳಲಿಲ್ಲ, ಕಾಲುಗಳು ಮಾತ್ರ ತಾವಾಗಿ ನಲ್ಲಿಯ ಕಡೆಗೆ ನಡೆದವು. ಬೀದಿಯ ನಾಯಿಗಳು ಆ ಗೇಟಿನ ಮುಂದೆ ಬೊಗಳುವುದನ್ನು ಬಿಟ್ಟು ಮುಖ ತಿರುಗಿಸಿ ಮಲಗತೊಡಗಿದವು.

ಆಮೇಲೆ ಬ್ಯಾಟರಿ ಇಳಿಯತೊಡಗಿತು. ಲಯ ಇನ್ನೂ ನಿಧಾನವಾಯಿತು, ಶ್ರುತಿ ಬಿಳಿ ಎರಡರಿಂದ ಜಾರಿ ಒಂದಕ್ಕೆ, ಅದಕ್ಕೂ ಕೆಳಗೆ ಇಳಿಯಿತು. ಪಿಟೀಲುಗಳು ಬಾವಿಯೊಳಗಿನಿಂದ ನರಳುವ ಹಾಗೆ ಕೇಳಿಸತೊಡಗಿದವು. ಸಾಲದ್ದಕ್ಕೆ ಒಳಗಿನ ತಂತಿಯೊಂದು ಸಡಿಲವಾಗಿ, ಗೂಡ್ಸ್ ಗಾಡಿ ಹೋದಾಗ ನೆಲ ಅದುರಿ ಬೆಲ್ಲು ತಾನೇ ಹೊಡೆದುಕೊಳ್ಳುತ್ತಿತ್ತು. ಈರಕ್ಕ ಬಾಗಿಲು ತೆಗೆದರೆ ಯಾರೂ ಇರುತ್ತಿರಲಿಲ್ಲ. ಆಷಾಢದ ಗಾಳಿ ಮಾತ್ರ ಒಳಗೆ ಬಂದು, ಹಜಾರದಲ್ಲಿ ಒಂದು ಸುತ್ತು ತಿರುಗಿ ಹೋಗುತ್ತಿತ್ತು.

ಒಂದು ದಿನ ಜಂಪಣ್ಣ ನನ್ನ ಮುಂದೆ ಬಂದು ಕುಕ್ಕರಿಸಿದ. “ಮೇಷ್ಟ್ರೇ, ಸತ್ಯ ಹೇಳ್ರಿ. ನನ್ನ ಮುಖದಾಗೆ ಏನಾರ ಕಾಣ್ತೈತಾ?”

“ಹಿಟ್ಟು ಕಾಣ್ತೈತೆ.”

“ಅದಲ್ರೀ. ಒಬ್ರೂ ಬರ್ತೀನಿ ಅಂತಿಲ್ಲ. ನನ್ನ ನೋಡಿ ಕಾಲು ತೊಳ್ಕಂತಾರೆ. ನಂಗೇನೋ ಆಗೈತೆ, ಎಲ್ಲಾರಿಗೂ ಗೊತ್ತು, ನಂಗೊಬ್ನಿಗೇ ಹೇಳ್ತಿಲ್ಲ.” ಅವನ ಕಣ್ಣು ತುಂಬಿತು. “ಸಾಯಾದಕ್ಕೆ ಹೆದರಲ್ಲ ಮೇಷ್ಟ್ರೇ. ಅಕ್ಕ ಒಂದ್ಸಲ ಮನೇಗೆ ಬಂದು ಹೋಗ್ಲಿ, ಆಮೇಲೆ ಏನಾರ ಆಗ್ಲಿ.”

ಬೆಲ್ಲಿನ ರಸ ಶೋಕರಸ, ತಪ್ಪು ನಿನ್ನದಲ್ಲ ಎಂದು ವಿವರಿಸಿದೆ. ಕೋಮಲ ಗಾಂಧಾರದಿಂದ ಶುರು ಮಾಡಿದೆ. ಅವನಿಗೆ ಅರ್ಥವಾಗಲಿಲ್ಲ. ನನ್ನ ಶಿಷ್ಯರಿಗೂ ಆಗುವುದಿಲ್ಲ, ಬಿಡಿ.

ಮಾರನೆಯ ಮಧ್ಯಾಹ್ನ ಮೋಡ ಕವಿದು ಹೊತ್ತೇ ತಿಳಿಯದಂತಾಗಿತ್ತು. ಈರಕ್ಕ ಹೊರಕೆರೆದೇವರಪುರದ ದೇವಸ್ಥಾನಕ್ಕೆ ಹೋಗಿದ್ದಳು, ಜಂಪಣ್ಣ ಗಿರಣಿಯಲ್ಲಿದ್ದ. ಪಕ್ಕದ ಮನೆಯ ಹುಲಿಗೆಮ್ಮ ಹುಲ್ಲಿನ ಹೊರೆ ಹೊತ್ತು ಆ ಗೇಟಿನ ಮುಂದೆ ಬರುವುದಕ್ಕೂ ಗೂಡ್ಸ್ ಬರುವುದಕ್ಕೂ ಸರಿಹೋಯಿತು. ಖಾಲಿ ಮನೆಯೊಳಗಿಂದ ಪಿಟೀಲುಗಳು ಎದ್ದವು.

ಹುಲಿಗೆಮ್ಮ ಯಾರೆಂದು ಹೇಳಬೇಕು. ನಮ್ಮಲ್ಲಿ ಸತ್ತವರಿಗೆ ಸುಮ್ಮನೆ ಅಳುವುದಿಲ್ಲ, ಹಾಡಿ ಅಳುತ್ತಾರೆ. ಸತ್ತವನ ಗುಣ, ಅವಗುಣ, ಕೊಟ್ಟದ್ದು, ಬೈದದ್ದು ಎಲ್ಲವೂ ಆ ಹಾಡಿನಲ್ಲಿ ಬರಬೇಕು. ಒಬ್ಬಳು ಎತ್ತಿದರೆ ಕೇಳಿದ ಹೆಂಗಸರೆಲ್ಲ ಸೇರಬೇಕು, ಎತ್ತಿದ್ದನ್ನು ಅರ್ಧಕ್ಕೆ ಬಿಡಬಾರದು. ಹುಲಿಗೆಮ್ಮ ಇದರಲ್ಲಿ ಹೋಬಳಿಗೇ ಹೆಸರಾದವಳು. ಆ ಪಿಟೀಲಿನ ಲಯವೂ ಅವಳ ಅಳುವಿನ ಲಯವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿತ್ತು. ಹೊರೆ ಕೆಳಗೆ ಬಿತ್ತು. ಹುಲಿಗೆಮ್ಮ ಸಿಂಹದ ಪಕ್ಕ ಕೂತು ಎತ್ತಿಯೇಬಿಟ್ಟಳು.

“ಜ್ವಾಳ ತಂದ್ರೆ ರಾಗಿ ಹಿಟ್ಟು ಕೊಟ್ಟ್ಯಲ್ಲೋ ನನ್ನಪ್ಪಾ... ಯಾಕಂತ ಕೇಳಿದ್ರೆ ನಕ್ಕ್ಯಲ್ಲೋ ನನ್ನಪ್ಪಾ...”

ಗಳಿಗೆಯಲ್ಲಿ ಬೀದಿ ತುಂಬಿತು. ಮುರುಗೇಶ್ ಎಲ್ಲಿಂದಲೋ ಒಂದು ಹೂವಿನ ಹಾರ ತಂದ. ಯಾರ್ಯಾರೋ ಯಾರ್ಯಾರಿಗೋ ಫೋನು ಮಾಡಿದರು. ಅಷ್ಟರಲ್ಲಿ ಗದ್ದಲ ನೋಡಿ ಜಂಪಣ್ಣ ಗಿರಣಿ ನಿಲ್ಲಿಸಿ ಬಂದ. ತಲೆ, ಹುಬ್ಬು, ರೆಪ್ಪೆ, ಅಂಗಿ ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿತ್ತು. ಗುಂಪಿನ ಹಿಂದೆ ನಿಂತು ಮುರುಗೇಶನ ಹೆಗಲು ಮುಟ್ಟಿ, “ಯಾರಪ್ಪ ಹೋಗಿದ್ದು?” ಎಂದು ಕೇಳಿದ.

“ಗಿರಣಿ ಜಂಪಣ್ಣ,” ಎಂದ ಮುರುಗೇಶ್ ತಿರುಗದೆ.

“ಅಯ್ಯೋ ಪಾಪ,” ಎಂದ ಜಂಪಣ್ಣ. “ನಿನ್ನೆ ಯಾಕೋ ಅನುಮಾನ ಅಂತಿದ್ದ.”

ಮುರುಗೇಶ್ ತಿರುಗಿ ನೋಡಿದ. ಹಾರ ಅವನ ಕೈಯಿಂದ ಜಾರಿತು. ಆಮೇಲೆ ಹೆಂಗಸರು ನೋಡಿದರು. ಮೋಡದ ಬೆಳಕಿನಲ್ಲಿ ಅಡಿಯಿಂದ ಮುಡಿಯವರೆಗೆ ಬೆಳ್ಳಗಿರುವ ಜಂಪಣ್ಣ, ಇನ್ನೊಂದು ಗಾಡಿ ಹೋದದ್ದಕ್ಕೆ ಒಳಗೆ ಮತ್ತೆ ನರಳುವ ಪಿಟೀಲು. ಬೀದಿ ಖಾಲಿಯಾಗಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಉಳಿದವರು ನಾನು ಮತ್ತು ಹುಲಿಗೆಮ್ಮ. ನಾನು ಧೈರ್ಯಸ್ಥ ಎಂದಲ್ಲ, ಕಾಲು ಬರಲಿಲ್ಲ.

ಹುಲಿಗೆಮ್ಮ ಅವನ ತೋಳು ಚಿವುಟಿ ನೋಡಿ ಸಿಟ್ಟಾದಳು. “ಸತ್ತಿಲ್ಲ ಅಂದ್ರೆ ಮೊದ್ಲೇ ಹೇಳಬಾರ್ದೇನೋ? ನನ್ನ ಗಂಟ್ಲು ಬಿದ್ದೋಯ್ತು.”

ಆಗಲೇ ಜಂಪಣ್ಣನ ಫೋನು ಹೊಡೆದುಕೊಂಡಿತು. ಮಂದ ಕಿವಿಯವನಾದ್ದರಿಂದ ಸ್ಪೀಕರ್ ಹಾಕಿದ. ಅಕ್ಕನ ಗಂಡ ಚಿಕ್ಕತಿಮ್ಮಪ್ಪ, ಬಾಗೂರಿನಿಂದ.

“ಯಾರು ಮಾತಾಡಾದು?”

“ನಾನೇ ಭಾವ, ಜಂಪಣ್ಣ.”

“ಜಂಪಣ್ಣ, ನೀನು ತೀರ್ಕಂಡ್ಯಂತೆ ಕಣಪ್ಪ, ಫೋನ್ ಬಂದಿತ್ತು. ಮಣ್ಣು ಎಷ್ಟೊತ್ತಿಗೆ? ಇಲ್ಲಿ ಎಮ್ಮೆ ಈಯಂಗೈತೆ, ಅದ್ಕೇ ಕೇಳಿದ್ದು.”

“ಭಾವ, ನಾನು ಸತ್ತಿಲ್ಲ!”

ಚಿಕ್ಕತಿಮ್ಮಪ್ಪ ಸ್ವಲ್ಪ ಯೋಚಿಸಿದ. “ಹಂಗಾರೆ ಕೆಲ್ಸ ಕೆಡ್ತು. ನಿಮ್ಮಕ್ಕ ಬಾಯಿ ಬಡ್ಕಂಡು ಬಸ್ ಹತ್ತಿದ್ಲು. ಫೋನು ಇಲ್ಲೇ ಬಿಟ್ಟೋಗ್ಯಾಳೆ.”

ಜಂಪಣ್ಣ ಸಂತೋಷದಿಂದ ಕುಣಿದ. “ಅಕ್ಕ ಬರ್ತೈತೆ ಮೇಷ್ಟ್ರೇ! ಅಕ್ಕ ಬರ್ತೈತೆ!” ಆಮೇಲೆ ಥಟ್ಟನೆ ನಿಂತ. ಹಿಟ್ಟಿನ ಕೆಳಗೂ ಅವನ ಮುಖ ಬಿಳಚಿದ್ದು ಕಂಡಿತು. ಅಕ್ಕ ಬರುತ್ತಿರುವುದು ಹೆಣ ನೋಡಲು. ಹೆಣ ಗೇಟಿನಲ್ಲಿ ನಿಂತು ಹಲ್ಲು ಕಿರಿದರೆ ಅವಳು ಬೀದಿಯಿಂದಲೇ ತಿರುಗಿ ಬಸ್ ಹತ್ತುತ್ತಾಳೆ, ಇನ್ನೊಮ್ಮೆ ನಿಜವಾಗಿ ಸತ್ತರೂ ನಂಬುವುದಿಲ್ಲ.

“ಹೆಣ ನೋಡಾಕೆ ಬರಾಳಿಗೆ ಹೆಣ ತೋರಿಸ್ಬೇಕಪ್ಪ,” ಎಂದು ಹುಲಿಗೆಮ್ಮ ತೀರ್ಪು ಕೊಟ್ಟಳು. “ಹೊಸ್ಲು ದಾಟಾತನಕ ಬಿದ್ಕ. ಆಮೇಲೆ ಏಳ್ವಂತೆ.”

ದೇವಸ್ಥಾನದಿಂದ ಬಂದ ಈರಕ್ಕ ಇದನ್ನು ಕೇಳಿ ಕೆಂಡವಾದಳು. “ನಾನು ಕುಂಕುಮ ಅಳಿಸಲ್ಲ. ನಿಮ್ಮ ಹೆಣದ ಪಕ್ಕ ಕುಂತ್ಕಳಲ್ಲ, ಅಳೂದಿಲ್ಲ. ಒಳಗೆ ಈರುಳ್ಳಿ ಹೆಚ್ತಾ ಇರ್ತೀನಿ. ಕಣ್ಣೀರು ಬಂದ್ರೆ ಅದು ಈರುಳ್ಳಿದು, ಹೇಳಿರ್ತೀನಿ.”

ಹಜಾರದಲ್ಲಿ ಚಾಪೆ ಹಾಕಿದೆವು. ಹುಲಿಗೆಮ್ಮ ಶಾಸ್ತ್ರ ಬಿಡಲಿಲ್ಲ. ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಿದಳು. “ಗಟ್ಟಿ ಆತು” ಎಂದ ಹೆಣಕ್ಕೆ “ಸುಮ್ಕಿರು” ಎಂದು ಗದರಿದಳು. ಮುರುಗೇಶ್ ಅಂಜುತ್ತ ಬಂದು ಹಾರ ಹಾಕಿದ. ಓಡಿಹೋಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಗೋಡೆಗೆ ಆತು ಕೂತರು. ಎಲ್ಲರಿಗೂ ಇದು ನಾಟಕವೆಂದು ಗೊತ್ತು. ಮೊದಲು ಕಿಸಕ್ಕನೆ ನಗುತ್ತಿದ್ದರು.

ಆದರೆ ಹೊತ್ತು ಇಳಿಯಿತು. ದೀಪ ಹಚ್ಚಿ ತಲೆಯ ಹತ್ತಿರ ಇಟ್ಟೆವು. ಒಂದು ಗಾಡಿ ಹೋಯಿತು, ಪಿಟೀಲುಗಳು ಎದ್ದು ನರಳಿ ಪಂಚಮದಲ್ಲಿ ನಿಂತವು. ನಗು ನಿಂತಿತು. ಇನ್ನೊಂದು ಗಾಡಿ ಹೋಯಿತು. ಬೆಳ್ಳಗಿನ ಆ ಮುಖ ದೀಪದ ಬೆಳಕಿನಲ್ಲಿ ಜಂಪಣ್ಣನದು ಅನ್ನಿಸಲೇ ಇಲ್ಲ. ಮೂಗಿನ ಹೊಳ್ಳೆ ಅಲುಗುತ್ತಿರಲಿಲ್ಲ. ನನಗೇ ಅನುಮಾನ ಬಂತು. ಹುಲಿಗೆಮ್ಮನಿಗೂ ಬಂದಿರಬೇಕು, ಮೆಲ್ಲಗೆ ಬಗ್ಗಿ ಅವನ ಮೂಗಿಗೆ ಬೆರಳು ಹಿಡಿದಳು. ಒಳಗೆ ಈರುಳ್ಳಿ ಹೆಚ್ಚುವ ಸದ್ದು ನಿಂತು ಬಹಳ ಹೊತ್ತಾಗಿತ್ತು. ಈರಕ್ಕ ಬಾಗಿಲ ಸಂದಿಯಲ್ಲಿ ಕುಂಕುಮವನ್ನು ಕೈಯಿಂದ ಮುಚ್ಚಿಕೊಂಡು ನಿಂತಿದ್ದಳು.

ತಿಪ್ಪಮ್ಮ ಬಂದಳು. ಕೂದಲು ಬಿಚ್ಚಿತ್ತು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಬೀದಿಯ ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಸಿಂಹಗಳನ್ನು ನೋಡಿದಳು. ಹೊಸಿಲಿನ ಹೊರಗೆ ನಿಂತುಬಿಟ್ಟಳು. ಚಾಪೆಯ ಮೇಲಿದ್ದವನ ಹಣೆಯಲ್ಲಿ ಬೆವರು ಮೂಡಿದ್ದನ್ನು ನಾನು ಕಂಡೆ. ಮುರುಗೇಶ್ ಉಗುರು ಕಚ್ಚುತ್ತಿದ್ದ. ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ಬಂತು. ನೆಲ ಅದುರಿತು, ಸಾಯುತ್ತಿದ್ದ ಬ್ಯಾಟರಿಯಲ್ಲಿ ಪಿಟೀಲುಗಳು ಹಿಂದೆಂದೂ ಇಲ್ಲದಷ್ಟು ಕೆಳಗಿನಿಂದ ದನಿ ತೆಗೆದವು. “ಅಯ್ಯೋ ನನ್ನ ತಮ್ಮಾ” ಎನ್ನುತ್ತ ತಿಪ್ಪಮ್ಮ ಹೊಸಿಲು ದಾಟಿದಳು.

ಬಂದವಳೇ ಅವನ ಪಕ್ಕ ಕುಸಿದು, ಬಲಗೈಯನ್ನು ಅವನ ಎದೆಯ ಮೇಲೆ ಊರಿದಳು. ಒಂದು ಕ್ಷಣ ಸುಮ್ಮನಾದಳು. ಆಮೇಲೆ ಎತ್ತಿದಳು.

“ಅವ್ವ ಹೋದಾಗ ಸೊಂಟಕ್ಕೇರಿದ್ಯಲ್ಲೋ ತಮ್ಮಾ... ಇಳಿ ಅಂದ್ರೆ ಇಳೀಲಿಲ್ಲಲ್ಲೋ ತಮ್ಮಾ...”

ಹುಲಿಗೆಮ್ಮ ದನಿ ಸೇರಿಸಿದಳು. ಹೆಂಗಸರೆಲ್ಲ ಸೇರಿದರು. ಈಗ ಎದ್ದು ಕೂರಬೇಕಾಗಿದ್ದ ಜಂಪಣ್ಣ ಏಳಲಿಲ್ಲ. ಏಳುವುದು ಹೇಗೆ?

“ಮನೆ ತುಂಬಿದ ದಿನ ಬಂದಿದ್ನಲ್ಲೋ ತಮ್ಮಾ... ಬೀದಿ ಮೂಲೇಲಿ ನಿಂತಿದ್ನಲ್ಲೋ ತಮ್ಮಾ... ಬಸ್ಸು ನೋಡ್ಕಂತ ಗೇಟಿನಾಗೆ ನೀನು ನಿಂತಿದ್ದೆ, ಮರದ ಮರೇಲಿ ಸೆರಗು ಕಚ್ಕಂಡು ನಾನು ನಿಂತಿದ್ದೆ...”

ಇದು ಯಾರಿಗೂ ಗೊತ್ತಿರಲಿಲ್ಲ. ಹೆಣದ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಹಿಟ್ಟಿನಲ್ಲಿ ದಾರಿ ಮಾಡಿಕೊಂಡಿತು. ನನ್ನ ಕಣ್ಣೂ ತುಂಬಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ತಿಪ್ಪಮ್ಮನ ದನಿ ಮೇಲೇರಿತು.

“ಸೋದರಮಾವ ಎಲ್ಲಿ ಅಂದ್ರೆ ಏನಂತ ಹೇಳ್ಲೋ ತಮ್ಮಾ... ಬಾಸಿಂಗ ಹಿಡ್ಕಂಡು ಬಳ್ಳಾರಿಗೆ ಹೋದ್ಯಲ್ಲೋ ತಮ್ಮಾ...”

“ಬಳ್ಳಾರಿ ಅಲ್ಲಕ್ಕ,” ಎಂದಿತು ಹೆಣ. “ರಾಯದುರ್ಗ.”

ಹುಲಿಗೆಮ್ಮ ಎತ್ತಿದ್ದನ್ನು ಅರ್ಧಕ್ಕೇ ಬಿಟ್ಟಳು. ಈರಕ್ಕನ ಕೈಯಿಂದ ಈರುಳ್ಳಿ ಬಿದ್ದು ಹಜಾರದ ನಡುವಿನ ತನಕ ಉರುಳಿ ಬಂತು. ತಿಪ್ಪಮ್ಮ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಕೆಂಪಗಾದ ಕಣ್ಣಿನಿಂದ ತಮ್ಮನನ್ನು ನೋಡಿ, ಮೂಗು ಒರೆಸಿಕೊಂಡಳು.

“ಬಾಯಿ ಮುಚ್ಕಂಡು ಮಲಕ್ಕಳಲೇ,” ಎಂದಳು. “ನಂದಿನ್ನೂ ಮುಗ್ದಿಲ್ಲ.”

ಜಂಪಣ್ಣ ತೆಪ್ಪಗೆ ಕಣ್ಣು ಮುಚ್ಚಿದ. ಅಕ್ಕ ಬಿಟ್ಟಲ್ಲಿಂದ ಮತ್ತೆ ಎತ್ತಿಕೊಂಡಳು, ಈ ಸಲ ರಾಯದುರ್ಗವೆಂದೇ ಹಾಡಿದಳು. ದುಃಖದಲ್ಲಿ ಅವಳಿಗೆ ತಲೆ ಕೆಟ್ಟಿರಬೇಕೆಂದು ಬೀದಿಯವರೆಲ್ಲ ಪಿಸುಗುಟ್ಟಿದರು. ಅವರಿಗೆ ಲಯಜ್ಞಾನವಿಲ್ಲ. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಗೋಡೆಯ ಮೇಲಿನ ಬೆಲ್ಲಿನ ಪಿಟೀಲು ತೆವಳುತ್ತಿತ್ತು, ಹಾಡೂ ಅದರ ಜೊತೆಗೇ ತೆವಳುತ್ತಿತ್ತು. ತಮ್ಮನ ಎದೆಯ ಮೇಲಿದ್ದ ಅವಳ ತೋರುಬೆರಳು ಮಾತ್ರ ಇವೆರಡಕ್ಕೂ ಸಂಬಂಧವಿಲ್ಲದ ಹಾಗೆ ಬೇಗ ಬೇಗ ತಟ್ಟುತ್ತಿತ್ತು. ಹೊಸಿಲು ದಾಟಿ ಬಂದು ಕೂತ ಗಳಿಗೆಯಿಂದಲೂ ಅದು ಹಾಗೆಯೇ ತಟ್ಟುತ್ತಿತ್ತು. ಅವಳು ಹಿಡಿದಿದ್ದದ್ದು ಅವನ ಗುಂಡಿಗೆಯ ಲಯವನ್ನು.